ಮನೆಯೇ ಮಹಾಮನೆ



ಹೋದ ತಿಂಗಳ ಶಿವಾನುಭವ ಮುಗಿದ ಮೇಲೆ ಒಬ್ಬ ತಾಯಿ ನಮ್ಮ ಬಳಿಗೆ ಬಂದರು. ಶರಣು ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಒಂದು ಪ್ರಶ್ನೆ ಕೇಳಿದರು. "ಅಜ್ಜಾರ, ಶರಣರು ಹಂಗ ಬದುಕಿದ್ರು, ಹಿಂಗ ಬದುಕಿದ್ರು ಅಂತ ನೀವು ಹೇಳತೀರಿ. ಕೇಳಾಕ ಛಲೋ ಅನಸತೈತಿ. ಆದ್ರ ನಮಗ ಮುಂಜಾನಿಯಿಂದ ಸಂಜೀತನಾ ಒಲಿ ಮುಂದ ಹೊತ್ತು ಹೋಗತೈತಿ. ನಾವು ದೇವರನ್ನ ಯಾವಾಗ ನೆನೆಯೋದ್ರಿ? ನಮಗ ಸಂತೋಷ ಅನ್ನೋದು ಯಾವಾಗ್ರಿ?"

ಆ ಕ್ಷಣಕ್ಕೆ ನಮಗೆ ಉತ್ತರ ಹೊಳೆಯಲಿಲ್ಲ. ಹೊಳೆಯದಿದ್ದಾಗ ಹೊಳೆಯಲಿಲ್ಲವೆಂದು ಹೇಳುವುದೇ ಲೇಸು. "ತಾಯಿ, ಮುಂದಿನ ತಿಂಗಳು ಬರ್ರಿ, ಯೋಚನೆ ಮಾಡಿ ಹೇಳತೇವಿ" ಎಂದು ಕಳಿಸಿಕೊಟ್ಟೆವು. ಇಂದಿನ ನಮ್ಮ ಮಾತೆಲ್ಲ ಆ ತಾಯಿಗೆ ಕೊಡಬೇಕಾದ ಉತ್ತರ. ಅವರು ಇಂದೂ ಬಂದಿದ್ದಾರೆ. ಎಲ್ಲಿ ಕುಳಿತಿದ್ದಾರೆಂಬುದನ್ನು ನಾವು ಹೇಳುವುದಿಲ್ಲ. ಈ ಪ್ರಶ್ನೆ ಅವರೊಬ್ಬರದೇ ಅಲ್ಲ, ಇಲ್ಲಿ ಕುಳಿತ ಎಲ್ಲರದೂ ಹೌದು.

ಹಿತ್ತಲ ಗಿಡ ಮದ್ದಲ್ಲ ಎಂದು ಒಂದು ಗಾದೆಯಿದೆ. ಸಂತೋಷದ ವಿಷಯದಲ್ಲಿಯೂ ನಮ್ಮದು ಇದೇ ರೀತಿ. ಸಂತೋಷ ಜಾತ್ರೆಯಲ್ಲಿದೆ, ಸಿನಿಮಾದಲ್ಲಿದೆ, ಪೇಟೆಯಲ್ಲಿದೆ, ನೆಂಟರ ಮನೆಯ ಮದುವೆಯಲ್ಲಿದೆ. ನಮ್ಮ ಮನೆಯಲ್ಲಿ ಮಾತ್ರ ಇಲ್ಲ! ದೇವರೂ ಅಷ್ಟೆ. ಕಾಶಿಯಲ್ಲಿದ್ದಾನೆ, ಶ್ರೀಶೈಲದಲ್ಲಿದ್ದಾನೆ; ನಮ್ಮ ಅಡಿಗೆಮನೆಯ ಹೊಸ್ತಿಲು ಮಾತ್ರ ದಾಟುವುದಿಲ್ಲ. ಹೀಗೆ ತಿಳಿದವನಿಗೆ ಮನೆ ಎಂಬುದು ಒಂದು ವಸತಿಗೃಹವಾಗುತ್ತದೆ. ಉಣ್ಣುವುದಕ್ಕೆ ಬರುತ್ತಾನೆ, ಮಲಗುವುದಕ್ಕೆ ಬರುತ್ತಾನೆ, ಬೆಳಗಾದರೆ ಹೊರಟುಹೋಗುತ್ತಾನೆ.

ಹನ್ನೆರಡನೆಯ ಶತಮಾನದ ಶರಣರು ಈ ತಿಳಿವಳಿಕೆಯನ್ನೇ ತಿರುಗಿಸಿ ಹಾಕಿದರು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ಅಂದಿನ ಕಲ್ಯಾಣ. ಅಲ್ಲಿ ಬಿಜ್ಜಳ ದೊರೆಯ ಅರಮನೆ ಇತ್ತು. ಅವನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಮನೆಯೂ ಇತ್ತು. ಜನ ಬಸವಣ್ಣನವರ ಮನೆಯನ್ನು ಮಹಾಮನೆ ಎಂದು ಕರೆದರು. ಅರಮನೆಗಿಂತ ಅದು ಎತ್ತರವಾಗಿತ್ತೆಂದೇ? ಅಲ್ಲ. ಅಲ್ಲಿಗೆ ಬಂದವರಿಗೆ ಅನ್ನವಿತ್ತು, ಅನ್ನದ ಜೊತೆಗೆ ಮಾತಿತ್ತು, ಮಾತಿನ ಜೊತೆಗೆ ಮನ್ನಣೆಯಿತ್ತು. ಮನೆ ಮಹಾಮನೆಯಾಗುವುದು ಕಲ್ಲು ಮಣ್ಣುಗಳಿಂದಲ್ಲ, ಈ ಮೂರರಿಂದ.

ಆ ಕಾಲದ ಶರಣೆಯರ ಹೆಸರುಗಳನ್ನೇ ನೋಡಿರಿ. ಕದಿರೆ ರೆಮ್ಮವ್ವೆ: ನೂಲುವ ಕದಿರೇ ಆಕೆಯ ಹೆಸರಿಗೆ ಭೂಷಣ. ಕೊಟ್ಟಣದ ಸೋಮವ್ವೆ: ಧಾನ್ಯ ಕುಟ್ಟುವುದು ಆಕೆಯ ಕಾಯಕ. 30ಕ್ಕೂ ಹೆಚ್ಚು ಶರಣೆಯರ ವಚನಗಳು ಇಂದು ನಮಗೆ ದೊರೆತಿವೆ. ಇವರಲ್ಲಿ ಬಹುಮಂದಿ ಮನೆ ಬಿಟ್ಟು ಹೋದವರಲ್ಲ. ಸಂಸಾರದ ನಡುವೆ ಕುಳಿತೇ ನುಡಿದವರು. ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಒಂದೊಂದು ಭಾಗದಲ್ಲಿಯೂ ಒಂದೊಂದು ದೈವವನ್ನು ಕಂಡಳು. ರಾಟೆಯನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದಾಗ ಕಂಡದ್ದಲ್ಲ, ನೂಲುತ್ತ ನೂಲುತ್ತಲೇ ಕಂಡದ್ದು. ಅಂದಮೇಲೆ ಒಲೆಯ ಮುಂದೆ ಹೊತ್ತು ಹೋಗುತ್ತದೆ ಎಂದು ದುಃಖಪಡುವ ತಾಯಿ, ನಿನ್ನ ಕೈಯಲ್ಲಿರುವ ಲಟ್ಟಣಿಗೆ ರೆಮ್ಮವ್ವೆಯ ಕದಿರಿಗಿಂತ ಕಡಿಮೆಯದೇನೂ ಅಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯನ ಕಾಯಕ ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬೇರೆ ಮನೆಯಾಗಿದ್ದರೆ ಅಂದು ಹಬ್ಬ! ಲಕ್ಕಮ್ಮ ಮಾತ್ರ, ಇದು ನಮ್ಮ ಅಗತ್ಯಕ್ಕಿಂತ ಹೆಚ್ಚು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದಳು. ಮಾರಯ್ಯ ಸುರಿದು ಬಂದ. ನಾವೆಲ್ಲ ಲಕ್ಕಮ್ಮನ ನಿಷ್ಠೆಯನ್ನು ಕೊಂಡಾಡುತ್ತೇವೆ, ಯೋಗ್ಯವೇ. ಆದರೆ ಮರಳಿ ಹೋದ ಮಾರಯ್ಯನನ್ನೂ ಕೊಂಡಾಡಬೇಕು. "ದುಡಿದು ತಂದವನು ನಾನು, ನೀನು ಯಾರು ಹೇಳುವವಳು?" ಎಂದು ಆತ ಕೇಳಲಿಲ್ಲ. ಇನ್ನೊಂದು ಮಾತು. ಲಕ್ಕಮ್ಮ ತನ್ನ ವಚನಗಳ ಅಂಕಿತದಲ್ಲಿ ದೇವರ ಹೆಸರಿನ ಜೊತೆಗೆ ಗಂಡನ ಹೆಸರನ್ನೂ ಸೇರಿಸಿಕೊಂಡಿದ್ದಾಳೆ: ಮಾರಯ್ಯಪ್ರಿಯ ಅಮರೇಶ್ವರಲಿಂಗ. ತಪ್ಪಿದಾಗ ತಿದ್ದಿದ ಬಾಯಿಯೇ ಪ್ರೀತಿಯಿಂದ ಹೆಸರನ್ನೂ ಹೇಳಿತು. ತಿದ್ದುವ ಹಕ್ಕು ಇಬ್ಬರಿಗೂ ಇರಬೇಕು, ಪ್ರೀತಿ ಇಬ್ಬರಲ್ಲೂ ಇರಬೇಕು. ಅಂಥ ಮನೆಯಲ್ಲಿ ಹಿಡಿ ಅಕ್ಕಿಯೂ ಸಾಕಾಗುತ್ತದೆ.

ಈಗ ಕೃತಜ್ಞತೆಯ ಮಾತು. ನಮ್ಮಲ್ಲಿ ಪದಾರ್ಥ, ಪ್ರಸಾದ ಎಂದು ಎರಡು ಶಬ್ದಗಳಿವೆ. ಜೋಳ ಪದಾರ್ಥ, ಬೇಳೆ ಪದಾರ್ಥ, ಬೆಲ್ಲ ಪದಾರ್ಥ. ಅದನ್ನು ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದರೆ ಅದೇ ಪ್ರಸಾದ. ತೂಕದಲ್ಲಿ ಒಂದು ಗುಲಗಂಜಿಯಷ್ಟೂ ಹೆಚ್ಚು ಕಡಿಮೆಯಾಗುವುದಿಲ್ಲ, ರುಚಿಯೂ ಬದಲಾಗುವುದಿಲ್ಲ. ಬದಲಾಗುವುದು ಉಣ್ಣುವವನ ಮನಸ್ಸು. ಇದು ನನ್ನದಲ್ಲ, ನನಗೆ ಬಂದದ್ದು ಎಂಬ ಅರಿವು ಬಂತೆಂದರೆ ಪದಾರ್ಥ ಪ್ರಸಾದವಾಯಿತು. ದೇವರು ಕೊಟ್ಟ ಎಂದು ಕೈ ಮುಗಿಯುತ್ತೇವೆ. ಸರಿ. ಆದರೆ ದೇವರು ಅದನ್ನು ಯಾರ ಕೈಯಿಂದ ಕೊಡಿಸಿದ? ಆ ಕೈಯ ಕಡೆಗೆ ಕಣ್ಣೆತ್ತಿ ನೋಡದವನ ಪ್ರಸಾದ ಅರ್ಧ ಪ್ರಸಾದ.

ಇದನ್ನು ನಾವು ಪುಸ್ತಕ ಓದಿ ಕಲಿಯಲಿಲ್ಲ, ಶಿಕ್ಷೆಯಾಗಿ ಕಲಿತೆವು. ನಾವು ಚಿಕ್ಕವರಿದ್ದಾಗ, ಮಠಕ್ಕೆ ಬಂದ ಹೊಸದರಲ್ಲಿ, ಒಂದು ದಿನ ರೊಟ್ಟಿ ಸೀದಿದೆಯೆಂದು ತಾಟನ್ನು ಸರಿಸಿ ಎದ್ದುಬಿಟ್ಟೆವು. ಹಿರಿಯ ಗುರುಗಳು ಬೈಯಲಿಲ್ಲ. "ನಾಳೆಯಿಂದ ಎಂಟು ದಿನ ಪಾಠ ಬೇಡ, ದಾಸೋಹದ ಮನೆಯಲ್ಲಿ ರೊಟ್ಟಿ ಬಡಿ" ಎಂದರಷ್ಟೆ. ಅಲ್ಲಿ ಒಬ್ಬ ಮುದುಕಿ ಇದ್ದಳು. ಹಿಟ್ಟಿಗೆ ಕುದಿಯುವ ಎಸರು ಹಾಕುತ್ತಿದ್ದಳು, ಸುಡುವ ಹಿಟ್ಟನ್ನೇ ನಾದುತ್ತಿದ್ದಳು. ಅವಳು ಬಡಿದರೆ ರೊಟ್ಟಿ ಹುಣ್ಣಿಮೆಯ ಚಂದ್ರ. ನಾವು ಬಡಿದರೆ ಅಂಚೆಲ್ಲ ಸೀಳಿ, ಒಂದು ಕಡೆ ದಪ್ಪ, ಒಂದು ಕಡೆ ತೂತು. ಮೂರನೆಯ ದಿನ ಬೆರಳಲ್ಲಿ ಬೊಕ್ಕೆ ಎದ್ದವು. ನಾವು ಸರಿಸಿದ ಆ ಒಂದು ರೊಟ್ಟಿಯ ಹಿಂದೆ ಎಷ್ಟು ಬೆಂಕಿ ಇತ್ತೆಂದು ಆಗ ಗೊತ್ತಾಯಿತು.

ಸಂಕ್ರಾಂತಿ ಹತ್ತಿರವಿತ್ತು. ಆ ಮುದುಕಿ ಸಜ್ಜೆಯ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದಳು. ಸುಮ್ಮನೆ ಉದುರಿಸದೆ, ಒಂದು ರೊಟ್ಟಿಯ ಮೇಲೆ ಸೂರ್ಯ, ಇನ್ನೊಂದರ ಮೇಲೆ ಹೂವು ಮೂಡಿಸುತ್ತಿದ್ದಳು. ನಾವು ನಕ್ಕು, "ಈಗ ಮುರಿದು ತಿನ್ನೋ ರೊಟ್ಟಿ, ಯಾರು ನೋಡತಾರ?" ಎಂದೆವು. ಅವಳು ಕೈ ನಿಲ್ಲಿಸಲಿಲ್ಲ. "ನೋಡೋರು ನೋಡತಾರ, ಮರಿದೇವರ. ಯಾರೂ ನೋಡದಿದ್ರೂ ನನ್ನ ಕೈಗೆ ಸಂತೋಷ ಆಗತೈತಿ" ಎಂದಳು. ಎಷ್ಟೋ ಶಾಸ್ತ್ರಗಳನ್ನು ಆಮೇಲೆ ಓದಿದೆವು. ಕಲೆ ಎಂದರೇನು ಎಂಬುದಕ್ಕೆ ಇಷ್ಟು ಸರಳವಾದ ಉತ್ತರ ನಮಗೆ ಎಲ್ಲಿಯೂ ಸಿಗಲಿಲ್ಲ.

ಹೊಸದನ್ನು ಸೃಷ್ಟಿಸುವ ಶಕ್ತಿ ಕವಿಗಳಿಗೆ, ಚಿತ್ರಕಾರರಿಗೆ ಮಾತ್ರ ಎಂದು ತಿಳಿಯಬೇಡಿರಿ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರಿದ್ದರು. ಅವರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ಮಾಡಿದರು. ಅದರೊಳಗಿನ ತವರು, ತೊಟ್ಟಿಲು, ಕೂಸು, ಅಣ್ಣ, ಬಳೆ ಎಲ್ಲವೂ ಮನೆಯವೇ. ಹಾಡು ಕಟ್ಟಿದವರ ಹೆಸರುಗಳಿಲ್ಲ. ಅವರು ಹಾಡಿದ್ದು ಪುಸ್ತಕಕ್ಕಾಗಿ ಅಲ್ಲ, ಬೀಸುವ ಕಲ್ಲಿನ ಭಾರ ಹಗುರಾಗಲೆಂದು.

ಹಾಗೆಂದು ಬೀಸುವ ಕಲ್ಲು ಮತ್ತೆ ಬರಲಿ ಎಂದು ನಾವು ಹೇಳುವುದಿಲ್ಲ. ಗಿರಣಿ ಬಂದದ್ದು ಒಳ್ಳೆಯದಾಯಿತು. ತಾಯಂದಿರ ರಟ್ಟೆಗೆ ಬಿಡುಗಡೆ ಸಿಕ್ಕಿತು. ಆದರೆ ಕೈಗೆ ಬಂದ ಬಿಡುವು ಎಲ್ಲಿ ಹೋಯಿತು? ಅದೇ ಕೈಯಲ್ಲಿರುವ ಮೊಬೈಲು ಅದನ್ನು ನುಂಗಿತು. ನಾಲ್ಕು ಜನ ಒಂದೇ ಜಗಲಿಯಲ್ಲಿ ಕುಳಿತು ನಾಲ್ಕು ಊರಿನಲ್ಲಿರುತ್ತಾರೆ.

ಇನ್ನೊಂದು ಪ್ರಸಂಗ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಬ್ಬ ವೃದ್ಧ ರೈತರು ಒಂದು ಗಂಟು ಹೊತ್ತು ಮಠಕ್ಕೆ ಬಂದರು. ಅವರ ಧರ್ಮಪತ್ನಿ ಲಿಂಗೈಕ್ಯರಾಗಿ ತಿಂಗಳಾಗಿತ್ತು. ಗಂಟು ಬಿಚ್ಚಿದರು. ಒಂದು ಹಳೆಯ ಕೌದಿ. "ಅಜ್ಜಾರ, ಇದನ್ನ ಮೂವತ್ತು ವರ್ಷ ಹೊತಗೊಂಡು ಮಲಗೇನ್ರಿ. ಒಂದು ದಿನಾನೂ ಕಣ್ಣು ತೆರೆದು ನೋಡಲಿಲ್ಲ. ಆಕಿ ಹೋದ ಮ್ಯಾಲೆ ನಿದ್ದಿ ಬರಲಿಲ್ಲ, ದೀಪ ಹಚ್ಚಿ ನೋಡಿದೆ" ಎಂದು ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ತೋರಿಸಿದರು. ಇದು ಲಗ್ನದಾಗ ಸುತ್ತಿದ ರುಮಾಲು. ಇದು ಮಗಳು ಸಾಲಿಗೆ ಹಾಕ್ಕೊಂಡು ಹೋದ ಅಂಗಿ. ಇದು ನಾಕು ವರ್ಷಕ್ಕ ತೀರಿಕೊಂಡ ಹಿರೇಮಗನ ಕುಲಾವಿ. ನಟ್ಟನಡುವೆ ಒಂದು ಇಳಕಲ್ ಸೀರೆಯ ತುಂಡಿತ್ತು. ಅಲ್ಲಿಗೆ ಬಂದಾಗ ಅವರ ಬೆರಳು ನಿಂತಿತು. "ಇದು ನಮ್ಮವ್ವನ ಸೀರಿ. ಅವ್ವ ಇರೂತನಾ ಇಕಿಗೆ ಬೈದಳು. ಇಕಿ ಅವ್ವನ ಸೀರಿ ನಡುವ ಇಟ್ಟಾಳ. ನಾ ಒಂದು ಮಾತು ಛಲೋ ಆಗೇತಿ ಅನಲಿಲ್ರಿ."

ಬಂಧುಗಳೇ, ಆ ಹಿರಿಯರು ಕೆಟ್ಟವರಲ್ಲ. ಕುಡಿದವರಲ್ಲ, ಹೊಡೆದವರಲ್ಲ, ಹೊಲ ಮನೆ ಉಳಿಸಿಕೊಂಡು ಬಂದವರು. ಅವರಿಂದ ತಪ್ಪಿದ್ದು ಒಂದೇ ಮಾತು. ಹೇಳಬೇಕಾದ ಆ ಮಾತಿಗೆ ಕೇಳುವ ಕಿವಿ ಇಲ್ಲದಾದಾಗ ಅದು ಎದೆಯಲ್ಲಿ ಕಲ್ಲಾಗಿ ಕುಳಿತಿತು. ಕೌದಿಯನ್ನು ಮಠಕ್ಕೆ ಒಪ್ಪಿಸುತ್ತೇನೆಂದರು. ನಾವು ಬೇಡವೆಂದೆವು. "ಇದನ್ನು ಸೊಸೆಗೆ ಕೊಡ್ರಿ. ಯಾವ ತುಂಡು ಯಾರದು ಅಂತ ಕುಂತು ಹೇಳ್ರಿ. ಆಕಿ ಮಾಡಿದ ರೊಟ್ಟಿ ಉಂಡ ಮ್ಯಾಲೆ ಛಲೋ ಆಗೇತಿ ಅನ್ರಿ" ಎಂದು ಹೇಳಿ ಕಳಿಸಿದೆವು. ಹೆಂಡತಿಗೆ ಸಲ್ಲದ ಮಾತು ಸೊಸೆಗಾದರೂ ಸಲ್ಲಲಿ.

ಇಲ್ಲಿ ಗಂಡಸರಿಗೆ ಒಂದು ಎಚ್ಚರಿಕೆ ಹೇಳಬೇಕು. ಹೊಗಳಿಕೆಯಿಂದಲೇ ಎಲ್ಲ ಮುಗಿಯಿತೆಂದು ತಿಳಿಯಬೇಡಿರಿ. "ನಿನ್ನಂಥ ಅಡಿಗೆ ಯಾರೂ ಮಾಡುವುದಿಲ್ಲ" ಎಂದು ಹೇಳಿ ಕಾಲು ಚಾಚಿ ಮಲಗಿದರೆ ಅದು ಕೃತಜ್ಞತೆಯಲ್ಲ, ಕೆಲಸ ತಪ್ಪಿಸಿಕೊಳ್ಳುವ ಉಪಾಯ. ಕಾಯಕವೆಂಬುದು ಎಲ್ಲರಿಗೂ ಇದೆ. ಕಸಬರಿಗೆ ಹಿಡಿದರೆ ಗಂಡಸಿನ ಕೈ ಸವೆಯುವುದಿಲ್ಲ. ನೀವು ಕೊಡ ನೀರು ತಂದರೆ, ಕೂಸನ್ನು ಅರ್ಧ ಗಂಟೆ ಆಡಿಸಿದರೆ, ಆಕೆಗೆ ಸೂಜಿ ದಾರ ಹಿಡಿಯಲು, ನಾಲ್ಕು ಸಾಲು ಓದಲು ಹೊತ್ತು ಸಿಗುತ್ತದೆ. ಬೆನ್ನು ಮುರಿಯುವಷ್ಟು ದುಡಿದವಳಿಗೆ ರಂಗೋಲಿಯೂ ಒಂದು ಹೊರೆ. ಅಂಥವಳಿಗೆ ಸಂತೋಷವಾಗಿರು ಎಂದು ಉಪದೇಶ ಮಾಡುವುದು ಅನ್ಯಾಯ. ಮೊದಲು ಹೊರೆಗೆ ಹೆಗಲು ಕೊಡಿರಿ.

ಇಂದು ಮನೆಗೆ ಹೋಗುವಾಗ ಮೂರು ನೇಮಗಳನ್ನು ಒಯ್ಯಿರಿ. ಮೊದಲನೆಯದು, ದಿನಕ್ಕೆ ಒಂದು ಊಟವನ್ನಾದರೂ ಮನೆಮಂದಿಯೆಲ್ಲ ಕೂಡಿ ಮಾಡಿರಿ. ಆ ಹೊತ್ತು ಮೊಬೈಲು ಗೂಡಿನಲ್ಲಿರಲಿ. ಉಂಡೇಳುವ ಮುಂಚೆ ಅಡಿಗೆ ಮಾಡಿದವರಿಗೂ ದುಡಿದು ತಂದವರಿಗೂ ಒಂದು ಒಳ್ಳೆಯ ಮಾತು ಹೇಳಿರಿ. ಎರಡನೆಯದು, ವಾರಕ್ಕೊಮ್ಮೆ ಇನ್ನೊಬ್ಬರ ಕೆಲಸವನ್ನು ನೀವು ಮಾಡಿರಿ. ನಮ್ಮ ಬೆರಳಿಗೆ ಬೊಕ್ಕೆ ಎದ್ದಂತೆ ನಿಮಗೂ ಏಳಲಿ, ಕಣ್ಣು ತೆರೆಯುತ್ತದೆ. ಮೂರನೆಯದು, ಕೊಂಡು ತಂದದ್ದಲ್ಲದ ಏನಾದರೊಂದನ್ನು ತಿಂಗಳಿಗೊಮ್ಮೆ ಮಕ್ಕಳ ಜೊತೆ ಕೂಡಿ ಮಾಡಿರಿ. ಒಂದು ತೋರಣ, ಒಂದು ಹಾಡು, ಒಂದು ಬಳ್ಳಿಗೆ ಚಪ್ಪರ, ಏನಾದರೂ ಆಗಲಿ. ವಕ್ರವಾದರೆ ವಕ್ರವಾಗಲಿ. ನಮ್ಮ ಮೊದಲ ರೊಟ್ಟಿಯಷ್ಟು ವಕ್ರ ಯಾವುದೂ ಆಗಲಾರದು!

ಈಗ ಆ ತಾಯಿಗೆ ಉತ್ತರ. ತಾಯಿ, ದೇವರನ್ನು ಯಾವಾಗ ನೆನೆಯಲಿ ಎಂದು ಕೇಳಿದಿರಿ. ರೊಟ್ಟಿಯ ಮೇಲೆ ಎಳ್ಳಿನ ಸೂರ್ಯ ಮೂಡಿಸುವಾಗ ನೆನೆಯಿರಿ, ಅದೇ ಪೂಜೆ. ಸಂತೋಷ ಯಾವಾಗ ಎಂದಿರಿ. ಅದಕ್ಕೆ ಉತ್ತರ ಕೊಡಬೇಕಾದವರು ನಾವಲ್ಲ. ನಿಮ್ಮ ಮನೆಯವರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಇಂದು ರಾತ್ರಿ ಊಟದ ಹೊತ್ತಿಗೆ ಅವರು ಉತ್ತರ ಕೊಡಲಿ.

ನಿಮ್ಮೆಲ್ಲರ ಮನೆಯೂ ಮಹಾಮನೆಯಾಗಲಿ, ಒಲೆಯ ಮುಂದೆ ಕುಳಿತವರ ಮುಖದಲ್ಲಿ ನಗೆ ಮೂಡಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.