ದಮ್ಮಿನ ತೊಂದರೆ ಇರುವವರು ನಡೆಯುವಾಗ ಉಸಿರಿಗೆ ಆಸರೆ
(ಕುಕ್ ಟೌನಿನಲ್ಲಿ ಸಂಘದ ಸದಸ್ಯರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ನಿಮ್ಮಲ್ಲಿ ಅನೇಕರ ಮನೆಯಲ್ಲಿ ದಮ್ಮಿನ ತೊಂದರೆಯಿರುವ ಒಬ್ಬ ಹಿರಿಯರಾದರೂ ಇರಬಹುದು. ಅವರು ಏಳಲು ಹೊರಟರೆ ನೀವು ಏನು ಹೇಳುತ್ತೀರಿ? "ಅಬ್ಬಾ, ನೀವು ಕೂತಿರಿ, ನೀರು ನಾನೇ ತರುತ್ತೇನೆ" ಎನ್ನುತ್ತೀರಿ. ಪ್ರೀತಿಯ ಮಾತೇ, ಅನುಮಾನವಿಲ್ಲ. ಆದರೆ ಕೂತೇ ಇರುವವರ ತೊಡೆಯ ಸ್ನಾಯುಗಳು ತಿಂಗಳುಗಳಲ್ಲಿ ಸೊರಗುತ್ತವೆ. ಸೊರಗಿದ ಸ್ನಾಯು ಅದೇ ಕೆಲಸಕ್ಕೆ ಹೆಚ್ಚು ಉಸಿರು ಕೇಳುತ್ತದೆ. ಹೆಚ್ಚು ಏದುಸಿರು ಬಂದರೆ ಹೆದರಿ ಇನ್ನೂ ಹೆಚ್ಚು ಕೂರುತ್ತಾರೆ. ಈ ವರ್ಷ ಗೇಟಿನವರೆಗೆ ಹೋಗುತ್ತಿದ್ದವರಿಗೆ ಮುಂದೊಂದು ದಿನ ಬಚ್ಚಲಿಗೆ ಹೋಗಲೂ ಕೈ ಹಿಡಿಯಬೇಕಾಗುತ್ತದೆ.

ನಾನು ಹೇಳುತ್ತಿರುವುದು ವೈದ್ಯರು ಸಿಒಪಿಡಿ ಎಂದು ಕರೆಯುವ ದೀರ್ಘಕಾಲದ ಶ್ವಾಸಕೋಶ ರೋಗದ ಬಗ್ಗೆ. ಬೀಡಿ ಸಿಗರೇಟಿನಿಂದ ಬರುತ್ತದೆಂದು ಎಲ್ಲರಿಗೂ ಗೊತ್ತು. ಒಂದು ದಿನವೂ ಬೀಡಿ ಮುಟ್ಟದ ನಾನಿಯವರಿಗೆ ಏಕೆ ಬಂತು ಎಂದು ಕೇಳುವಿರಿ. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳನ್ನು ಪರೀಕ್ಷಿಸಿ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ಸೌದೆ ಒಲೆಯ ಮುಂದೆ ದಿನಕ್ಕೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ. ಅದು 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್ ಅಪಾಯ ಗಮನಾರ್ಹವಾಗುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ ಅಡುಗೆ ಮಾಡಿದರೆ ಸಾಕು. ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ನಿಮ್ಮ ಅಜ್ಜಿಯವರ ಲೆಕ್ಕ ಹಾಕಿ ನೋಡಿ.

ಈಗ ನಡೆಯುವಾಗ ಏನಾಗುತ್ತದೆ ಎಂಬುದನ್ನು ತಿಳಿಯೋಣ. ಈ ರೋಗದಲ್ಲಿ ಉಸಿರು ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ಸಣ್ಣ ಗಾಳಿ ನಾಳಗಳು ಬೇಗ ಮುಚ್ಚಿಕೊಳ್ಳುತ್ತವೆ. ವೇಗವಾಗಿ ನಡೆದರೆ ಹಳೆಯ ಗಾಳಿ ಪೂರ್ತಿ ಹೊರಬರುವ ಮೊದಲೇ ಹೊಸ ಉಸಿರು ಎಳೆಯುತ್ತೇವೆ. ಹೀಗೆ ಎದೆ ಗಾಳಿ ತುಂಬಿದ ಬಲೂನಿನಂತೆ ಬಿಗಿಯುತ್ತದೆ, ಇನ್ನಷ್ಟು ಎಳೆಯಲು ಜಾಗವೇ ಇರುವುದಿಲ್ಲ. ಆದ್ದರಿಂದ "ಜೋರಾಗಿ ಉಸಿರು ಎಳೆದುಕೊಳ್ಳಿ" ಎಂದು ಪಕ್ಕದಲ್ಲಿ ನಿಂತು ಹೇಳುವುದು ತಪ್ಪು ಸಲಹೆ. "ನಿಧಾನವಾಗಿ ಬಿಡಿ" ಎನ್ನಬೇಕು.

ಮೊದಲ ಆಸರೆ ಖರ್ಚಿಲ್ಲದ್ದು. ಮೂಗಿನಿಂದ ಎರಡು ಎಣಿಸುವಷ್ಟು ಎಳೆದು, ಸುಡುವ ಸುಲೈಮಾನಿ ಚಹಾ ಆರಿಸುವಂತೆ ತುಟಿ ಕಿರಿದು ಮಾಡಿ ನಾಲ್ಕು ಎಣಿಸುವಷ್ಟು ಬಿಡಬೇಕು. ಹೀಗೆ ಮಾಡಿದಾಗ ನಾಳಗಳು ಸ್ವಲ್ಪ ಹೆಚ್ಚು ಹೊತ್ತು ತೆರೆದಿರುತ್ತವೆ. ಮೆಟ್ಟಿಲ ಮೇಲೆ ಕಾಲಿಡುವಾಗ ಉಸಿರು ಬಿಡುತ್ತಾ ಹತ್ತಬೇಕು. ಏದುಸಿರು ಬಂದರೆ ಗೋಡೆಗೋ ಮೇಜಿಗೋ ಕೈಯೂರಿ ಮುಂದಕ್ಕೆ ಬಾಗಿ ನಿಲ್ಲಬೇಕು. ತೋಳಿಗೆ ಆಧಾರ ಸಿಕ್ಕಿದರೆ ಎದೆಯ ಸ್ನಾಯುಗಳು ಉಸಿರಾಟಕ್ಕೆ ನೆರವಾಗುತ್ತವೆ. ಚಕ್ರವಿರುವ ವಾಕರ್ ಹಿಡಿದವರು ಹೆಚ್ಚು ದೂರ ನಡೆಯುವುದೂ ಇದೇ ಕಾರಣಕ್ಕೆ. ಅದನ್ನು ಹಿಡಿಯಲು ನಾಚುವವರೇ ಹೆಚ್ಚು, ಏನು ಮಾಡುವುದು! ವೈದ್ಯರು ಇನ್ಹೇಲರ್ ಕೊಟ್ಟಿದ್ದರೆ ನಡೆಯುವ ಮುನ್ನ ಯಾವಾಗ ತೆಗೆದುಕೊಳ್ಳಬೇಕೆಂದು ಅವರನ್ನೇ ಕೇಳಿ.

ಇನ್ನು ಆಕ್ಸಿಜನ್. ಎಲ್ಲರೂ ಕೇಳುವ ಪ್ರಶ್ನೆ ಇದೇ. 1980 ಮತ್ತು 1981ರಲ್ಲಿ ಅಮೆರಿಕ ಹಾಗೂ ಬ್ರಿಟನ್ನಿನಿಂದ ಬಂದ ಎರಡು ಅಧ್ಯಯನಗಳಿಂದ ಒಂದು ವಿಷಯ ಸ್ಪಷ್ಟವಾಯಿತು. ಸುಮ್ಮನೆ ಕೂತಾಗಲೂ ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವವರು ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಪಡೆದರೆ ಆಯುಸ್ಸು ಹೆಚ್ಚುತ್ತದೆ. ಆದರೆ ಕೊರತೆ ಮಧ್ಯಮವಾಗಿರುವ ಅಥವಾ ನಡೆದಾಗ ಮಾತ್ರ ಇಳಿಯುವ 738 ಮಂದಿಯನ್ನು ಅಮೆರಿಕದಲ್ಲಿ ನೋಡಿದಾಗ, ಆಯುಸ್ಸಿಗಾಗಲಿ ಆಸ್ಪತ್ರೆ ಸೇರುವುದನ್ನು ತಪ್ಪಿಸುವುದಕ್ಕಾಗಲಿ ಅದರಿಂದ ಲಾಭ ಕಾಣಲಿಲ್ಲ. ಇದು 2016ರ ಮಾತು. 2019ರಲ್ಲಿ ಆಸ್ಟ್ರೇಲಿಯಾದ ವರದಿ ಇನ್ನೂ ಕುತೂಹಲಕರ. ನಡೆದಾಗ ಆಮ್ಲಜನಕ ಇಳಿಯುವ 111 ಮಂದಿಗೆ ವಾರಕ್ಕೆ ಮೂರು ಬಾರಿಯಂತೆ 8 ವಾರ ವ್ಯಾಯಾಮ ಮಾಡಿಸಿದರು. ಅರ್ಧದಷ್ಟು ಜನರಿಗೆ ಆಕ್ಸಿಜನ್, ಉಳಿದವರಿಗೆ ಅದೇ ರೀತಿಯ ನಳಿಕೆಯಲ್ಲಿ ಬರೀ ಗಾಳಿ. ಎರಡೂ ಗುಂಪು ಒಂದೇ ರೀತಿ ಸುಧಾರಿಸಿತು. ಲಾಭ ತಂದದ್ದು ವ್ಯಾಯಾಮ. ಆದ್ದರಿಂದ ಯಂತ್ರ ಕೊಳ್ಳಲು ಹಣವಿಲ್ಲ ಎಂದು ನಡಿಗೆಯನ್ನೇ ಕೈಬಿಡಬೇಡಿ. ಕೆಲವರಿಗೆ ನಡೆಯುವಾಗ ಆಕ್ಸಿಜನ್ ಬೇಕಾಗುವುದೂ ನಿಜ, ಅದನ್ನು ಪರೀಕ್ಷೆ ಮಾಡಿಯೇ ತೀರ್ಮಾನಿಸಬೇಕು.

ಮುಖಕ್ಕೆ ಮಾಸ್ಕ್ ಕಟ್ಟಿ ಒತ್ತಡದಿಂದ ಗಾಳಿ ಕೊಡುವ ಬೈಪ್ಯಾಪ್ ಯಂತ್ರ ಹಾಕಿಕೊಂಡು ಸೈಕಲ್ ತುಳಿಸುವ ವಿಧಾನವೂ ಇದೆ. ಉಸಿರಾಟದ ಸ್ನಾಯುಗಳ ಭಾರವನ್ನು ಯಂತ್ರ ಹಂಚಿಕೊಳ್ಳುವುದರಿಂದ ರೋಗ ತೀವ್ರವಾಗಿರುವವರು ಹೆಚ್ಚು ಹೊತ್ತು ತುಳಿಯಬಲ್ಲರು. ಇದು ನುರಿತವರ ಎದುರಿಗೆ ಆಸ್ಪತ್ರೆಯಲ್ಲಿ ಮಾಡಿಸುವ ಕೆಲಸ, ಮನೆಯದ್ದಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕೊಂಡ ಕಾನ್ಸಂಟ್ರೇಟರುಗಳು ಕೆಲವು ಮನೆಗಳಲ್ಲಿ ಇನ್ನೂ ಇವೆ. ನೆರೆಯವರಿಗೆ ದಮ್ಮು ಎಂದು ಕೇಳಿದ ಕೂಡಲೇ ಒಯ್ದು ಕೊಡುವ ಒಳ್ಳೆಯ ಮನಸ್ಸು ನಮ್ಮವರದ್ದು. ದಯವಿಟ್ಟು ವೈದ್ಯರ ಚೀಟಿಯಿಲ್ಲದೆ ಹಚ್ಚಬೇಡಿ. ಈ ರೋಗದಲ್ಲಿ ಕೆಲವರಿಗೆ ಆಕ್ಸಿಜನ್ ಹೆಚ್ಚಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ತಲೆನೋವು, ಮಂಪರು ಬಂದು ಪ್ರಜ್ಞೆಯೇ ತಪ್ಪಬಹುದು. ಯಂತ್ರವಿರುವ ಕೋಣೆಯಲ್ಲಿ ಒಲೆ, ಬೀಡಿ, ಊದುಬತ್ತಿ ಕೂಡದು. ಲೋಬಾನ್ ಹೊಗೆಯಂತೂ ಎದೆಗೂ ಹಾನಿ, ಬೆಂಕಿಗೂ ದಾರಿ.

ಮೊದಲು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೋ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೋ ಹೋಗಿ ತೋರಿಸಿ. ಆರು ನಿಮಿಷದ ನಡಿಗೆ ಪರೀಕ್ಷೆಯ ಬಗ್ಗೆ ಕೇಳಿ. ಅವರು ಒಪ್ಪಿದ ಮೇಲೆ ರಿಚರ್ಡ್ಸ್ ಪಾರ್ಕಿನಂಥ ಸಮತಟ್ಟಾದ ಜಾಗದಲ್ಲಿ ಎರಡು ನಿಮಿಷ ನಡೆದು ಒಂದು ನಿಮಿಷ ನಿಂತು ಆರಂಭಿಸಿ. ಕಸ ಸುಡುವ ಹೊಗೆಯಿರುವ ಹೊತ್ತು ಬೇಡ. ಜೊತೆಗೆ ಒಬ್ಬ ಮೊಮ್ಮಗನೋ ಮೊಮ್ಮಗಳೋ ಇರಲಿ, ಮಾತಾಡುತ್ತಾ ಹೋಗಿ. ಸಣ್ಣ ವಾಕ್ಯ ಹೇಳಲು ಆಗುತ್ತಿದ್ದರೆ ವೇಗ ಸರಿಯಾಗಿದೆ ಎಂದರ್ಥ. ಆಕ್ಸಿಮೀಟರನ್ನು ಗಾಢ ಮೆಹೆಂದಿ ಅಥವಾ ನೇಲ್ ಪಾಲಿಶ್ ಇಲ್ಲದ ಬೆರಳಿಗೆ ಹಾಕಿ. ವೈದ್ಯರು ಬೇರೆ ಮಿತಿ ಹೇಳಿರದಿದ್ದರೆ ಶೇ. 88ಕ್ಕಿಂತ ಇಳಿದಾಗ ನಿಲ್ಲಿಸಿ. ಎದೆನೋವು, ತಲೆಸುತ್ತು, ತುಟಿ ನೀಲಿಯಾಗುವುದು, ನಿಂತ ಮೇಲೂ ಏದುಸಿರು ಇಳಿಯದಿರುವುದು ಕಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.