ಜೀವಕೋಶ ಕೃಷಿಯಲ್ಲಿ ಆಂಟಿಬಯೋಟಿಕ್‌ಗಳ ಬಳಕೆ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಬೀಳಗಿ ಭಾಗದಲ್ಲಿ ಎಮ್ಮೆ ಕಟ್ಟಿದವರಿಗೆ ಒಂದು ಸಂಗತಿ ಗೊತ್ತಿದೆ. ಕೆಚ್ಚಲು ಬಾವು ಬಂದು ಆಂಟಿಬಯೋಟಿಕ್ ಇಂಜೆಕ್ಷನ್ ಮಾಡಿಸಿದಾಗ ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ. ಹಾಲಿನಲ್ಲಿ ಉಳಿದ ಔಷಧಿ ಮೊಸರಿನ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಎಮ್ಮೆಯ ಜೀವಕೋಶಗಳಿಗೆ ಮಾತ್ರ ಅಷ್ಟು ತೊಂದರೆಯಿಲ್ಲ. ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವವರು ಇದೇ ವ್ಯತ್ಯಾಸವನ್ನು ಬಳಸಿಕೊಳ್ಳುತ್ತಾರೆ.

ದೇಹದಿಂದ ತೆಗೆದ ಜೀವಕೋಶಗಳನ್ನು 37 ಡಿಗ್ರಿ ಶಾಖದಲ್ಲಿ, ಸಕ್ಕರೆ, ಅಮೈನೋ ಆಮ್ಲ ಮತ್ತು ಸೀರಂ ಇರುವ ದ್ರವದಲ್ಲಿ ಬೆಳೆಸುವುದೇ ಜೀವಕೋಶ ಕೃಷಿ. 1907ರಲ್ಲಿ ರಾಸ್ ಹ್ಯಾರಿಸನ್ ಕಪ್ಪೆಯ ನರಕೋಶಗಳನ್ನು ದೇಹದ ಹೊರಗೆ ಬೆಳೆಸಿ ತೋರಿಸಿದರು. ಆದರೆ ಈ ದ್ರವ ಬ್ಯಾಕ್ಟೀರಿಯಾಗಳಿಗೂ ಹಬ್ಬದೂಟ. ನಮ್ಮ ಜೀವಕೋಶ ಎರಡಾಗಲು ಸುಮಾರು ಒಂದು ದಿನ ಬೇಕು. ಕೆಲವು ಬ್ಯಾಕ್ಟೀರಿಯಾಗಳಿಗೆ 20 ನಿಮಿಷ ಸಾಕು. 1940ರ ದಶಕದಲ್ಲಿ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಈ ಕೆಲಸ ಹಗುರವಾಯಿತು. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಯೂನಿಟ್ ಪೆನಿಸಿಲಿನ್, 100 ಮೈಕ್ರೊಗ್ರಾಂ ಸ್ಟ್ರೆಪ್ಟೊಮೈಸಿನ್ ಹಾಕುತ್ತಾರೆ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಕೋಶಗೋಡೆ ಕಟ್ಟಲು ಬಿಡುವುದಿಲ್ಲ. ಪ್ರಾಣಿಕೋಶಕ್ಕೆ ಗೋಡೆಯೇ ಇಲ್ಲ, ಆದ್ದರಿಂದ ಅದು ಉಳಿಯುತ್ತದೆ.

ಇದು ದೂರದ ಮಾತಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಕೇಂದ್ರವು ಕಾಲುಬಾಯಿ ಬೇನೆಯ ಲಸಿಕೆಗೆ ಹೆಸರಾದುದು. 2013ರಲ್ಲಿ ನಮ್ಮ ರಾಜ್ಯದಲ್ಲಿ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡ ಬೇನೆ ಅದು. ಅದರ ವೈರಸ್ಸನ್ನು ಬಿಎಚ್‌ಕೆ-21 ಎಂಬ ಜೀವಕೋಶಗಳಲ್ಲಿ ಬೆಳೆಸಿ ಲಸಿಕೆ ಮಾಡುತ್ತಾರೆ. ಜೀವಕೋಶ ಕೆಟ್ಟರೆ ಲಸಿಕೆಯೂ ಕೆಟ್ಟಿತು.

ಹಾಗಾದರೆ ಸದಾ ಆಂಟಿಬಯೋಟಿಕ್ ಹಾಕಿಬಿಟ್ಟರೆ ಆಗದೆ? ಆಗದು. ಮೊದಲನೆಯದಾಗಿ, ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಗೆ ಕೋಶಗೋಡೆ ಇಲ್ಲ. ಪೆನಿಸಿಲಿನ್ ಅದಕ್ಕೆ ನಾಟದು. ಅದು ಬೆಳೆದರೂ ದ್ರವ ಕದಡುವುದಿಲ್ಲ. ಡಿಎನ್‌ಎ ಬಣ್ಣ, ಪಿಸಿಆರ್ ಮುಂತಾದ ಪರೀಕ್ಷೆಗಳಿಂದಲೇ ತಿಳಿಯಬೇಕು. ಎರಡನೆಯದಾಗಿ, ಔಷಧಿಯ ಮರೆಯಲ್ಲಿ ಅಲ್ಪಸ್ವಲ್ಪ ಸೋಂಕು ಉಳಿದು, ಔಷಧಿಗೆ ಜಗ್ಗದ ತಳಿಗಳು ಬೆಳೆಯುತ್ತವೆ. ಮೂರನೆಯದಾಗಿ, ಔಷಧಿ ನಮ್ಮ ಜೀವಕೋಶವನ್ನೂ ಬದಲಿಸುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಾನವ ಯಕೃತ್ತಿನ ಹೆಪ್‌ಜಿ2 ಜೀವಕೋಶಗಳಿಗೆ ಈ ಎರಡು ಔಷಧಿ ಸೇರಿಸಿದಾಗ 209 ಜೀನ್‌ಗಳ ಚಟುವಟಿಕೆ ಬದಲಾಯಿತು. ಹೊಸ ಮದ್ದಿನ ಪರಿಣಾಮ ಎಂದು ನಾವು ಬರೆದುಕೊಂಡದ್ದು ಪೆನಿಸಿಲಿನ್‌ನ ಪರಿಣಾಮವೂ ಆಗಿರಬಹುದು! ಇನ್ನು ಮನುಷ್ಯರ ಲಸಿಕೆಯ ಜೀವಕೋಶಗಳಿಗೆ ಪೆನಿಸಿಲಿನ್ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಏಕೆಂದರೆ ಕೆಲವರಿಗೆ ಅದು ಅಲರ್ಜಿ.

ಆದ್ದರಿಂದ ಒಳ್ಳೆಯ ಪ್ರಯೋಗಾಲಯದ ಪದ್ಧತಿ ಬೇರೆ. ಪ್ರಾಣಿಯಿಂದ ಆಗತಾನೆ ತೆಗೆದ ಅಂಗಾಂಶಕ್ಕೆ ಕೆಲವು ದಿನ ಆಂಟಿಬಯೋಟಿಕ್ ಕೊಟ್ಟು, ನಂತರ ನಿಲ್ಲಿಸುತ್ತಾರೆ. ಹೊಸದಾಗಿ ಬಂದ ಜೀವಕೋಶವನ್ನು ಪ್ರತ್ಯೇಕ ಇಟ್ಟು ಪರೀಕ್ಷಿಸುತ್ತಾರೆ. ಶುದ್ಧವಾದುದನ್ನು ದ್ರವ ಸಾರಜನಕದಲ್ಲಿ ಕಾಯ್ದಿಡುತ್ತಾರೆ. ಸೋಂಕು ತಗುಲಿದ್ದನ್ನು ಸಾಮಾನ್ಯವಾಗಿ ನಾಶಪಡಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ವಾರಗಳ ಶ್ರಮ ಹೋಗುತ್ತದೆ ನಿಜ, ಆದರೆ ಸುಳ್ಳು ಫಲಿತಾಂಶ ಹುಟ್ಟುವುದಿಲ್ಲ.

ದಿನಕ್ಕೆ ಐದು ಸಲ ವುಝೂ ಮಾಡುವವರಿಗೆ ಶುಚಿತ್ವದ ಕ್ರಮ ಹೊಸದಲ್ಲ. ಯಾವುದರ ನಂತರ ಯಾವುದು ಎಂಬ ಶಿಸ್ತು ಅಲ್ಲಿಯೂ ಇದೆ, ಪ್ರಯೋಗಾಲಯದಲ್ಲಿಯೂ ಇದೆ. ಯಾರೂ ನೋಡದಿರುವಾಗಲೂ ಅದನ್ನು ಪಾಲಿಸುವುದೇ ಅಮಾನತ್. ಔಷಧಿ ಶುಚಿತ್ವಕ್ಕೆ ಬದಲಿಯಲ್ಲ.

ಪಾಲಕರಲ್ಲಿ ಒಂದು ವಿನಂತಿ. ವೈದ್ಯರ ಚೀಟಿ ಇಲ್ಲದೆ ಆಂಟಿಬಯೋಟಿಕ್ ತರಬೇಡಿರಿ. ಹೇಳಿದಷ್ಟು ದಿನ ತೆಗೆದುಕೊಳ್ಳಿರಿ. ನೆಗಡಿ ವೈರಸ್ಸಿನಿಂದ ಬರುವುದು, ಅದಕ್ಕೆ ಈ ಮಾತ್ರೆ ನಾಟುವುದಿಲ್ಲ. ಪ್ರಯೋಗಾಲಯದಲ್ಲಿ ಕೆಟ್ಟ ಜೀವಕೋಶವನ್ನು ಚೆಲ್ಲಿ ಹೊಸದು ತರಬಹುದು. ಮನೆಯ ಮಗುವಿನ ವಿಷಯದಲ್ಲಿ ಆ ಅವಕಾಶವಿಲ್ಲ.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಕೆಲವರಾದರೂ, ವಿಶೇಷವಾಗಿ ಹೆಣ್ಣುಮಕ್ಕಳು, ಜೀವವಿಜ್ಞಾನ ಓದಿ ಇಂಥ ಪ್ರಯೋಗಾಲಯಗಳಿಗೆ ಹೋಗಬೇಕು. ಅಲ್ಲಾಹನು ನಿಮಗೆ ಜ್ಞಾನವನ್ನೂ ಪ್ರಾಮಾಣಿಕತೆಯನ್ನೂ ದಯಪಾಲಿಸಲಿ.