ಸಂಘದ ಕಚೇರಿ ಬದಲಾದರೂ ಹಾಲು ನಿಲ್ಲಬಾರದು
(ತ್ಯಾವಣಿಗೆಯಲ್ಲಿ ಹಾಲು ಉತ್ಪಾದಕ ಸದಸ್ಯರ ಮುಂದೆ ಮಾಡಿದ ಭಾಷಣದ ಸಾರಾಂಶ)



1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ನಮ್ಮ ಚನ್ನಗಿರಿ ತಾಲ್ಲೂಕು ಶಿವಮೊಗ್ಗದಿಂದ ಅದಕ್ಕೆ ಸೇರಿತು. ಜಿಲ್ಲಾ ಕಚೇರಿಯ ವಿಳಾಸ ಬದಲಾಯಿತು. ಹಾಲು ಕರೆಯುವ ಹೊತ್ತು ಬದಲಾಗಲಿಲ್ಲ. ಸಂಘದ ಕಚೇರಿಯನ್ನು ಬೇರೆ ಕಟ್ಟಡಕ್ಕೆ ಒಯ್ಯುವಾಗಲೂ ಇದು ನೆನಪಿರಲಿ.

ಮೊದಲು ಸದಸ್ಯರ ಸಭೆಯಲ್ಲಿ ಚರ್ಚೆಯಾಗಲಿ, ಆಡಳಿತ ಮಂಡಳಿ ಠರಾವು ಮಾಡಲಿ. ಬಾಡಿಗೆ ಕಡಿಮೆಯೆಂದು ಊರಾಚೆ ಹೋದರೆ, ನಸುಕಿನಲ್ಲೇ ಎರಡು ಲೀಟರ್ ಹಾಲು ಹಿಡಿದು ಬರುವ ತಾಯಂದಿರಿಗೆ ತೊಂದರೆ. ನೀರು, ವಿದ್ಯುತ್, ಹಾಲಿನ ಲಾರಿ ನಿಲ್ಲಲು ಜಾಗ, ಇವನ್ನು ಮೊದಲೇ ನೋಡಿಕೊಳ್ಳಿ.

ಬಟವಾಡೆ ಮುಗಿದ ಮರುದಿನ, ಬೆಳಗಿನ ಹಾಲು ಲಾರಿಗೆ ಏರಿದ ಮೇಲೆ ಸಾಮಾನು ಸಾಗಿಸಿ. ಸಂಜೆಯ ಹಾಲನ್ನು ಹೊಸ ಜಾಗದಲ್ಲೇ ಅಳೆಯಿರಿ. ಜಿಡ್ಡು ಪರೀಕ್ಷೆಯ ಸಲಕರಣೆ ಸರಿಯಿದೆಯೇ ಎಂದು ಸದಸ್ಯರೆದುರೇ ನೋಡಿ. ಲೆಕ್ಕದ ಪುಸ್ತಕಗಳನ್ನು ಪಟ್ಟಿ ಮಾಡಿ ಕಾರ್ಯದರ್ಶಿಗಳೇ ಒಯ್ಯಲಿ. ಹೊಸ ವಿಳಾಸವನ್ನು ಸಹಕಾರ ಇಲಾಖೆ, ಒಕ್ಕೂಟ, ಬ್ಯಾಂಕುಗಳಿಗೆ ಬರೆದು ತಿಳಿಸಿ.

ಒಂದು ಹೊತ್ತಿನ ಹಾಲು ಮನೆಯಲ್ಲೇ ಉಳಿದರೆ ಅದರ ನಷ್ಟ ಒಂದೇ ಹಸು ಕಟ್ಟಿಕೊಂಡವರಿಗೆ ಹೆಚ್ಚು. ಈ ಎಚ್ಚರ ನಮಗಿರಲಿ.